ಕೆರೆ ಉಳಿಸುವ ಕೈಬರಹದ ಪೋಸ್ಟರ್: ಮಕ್ಕಳು, ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ 2 ವಿಶ್ವ ಜೌಗು ಪ್ರದೇಶಗಳ ದಿನ. 1971ರ ಅದೇ ದಿನ ಇರಾನಿನ ರಾಮ್‌ಸಾರ್ ಎಂಬ ಪಟ್ಟಣದಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿ, ಕೆರೆ, ಅಳಿವೆಯಂಥ ನೀರು ನಿಲ್ಲುವ ಈ ಜಾಗಗಳನ್ನು ಕಾಪಾಡುವ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಆ ನೆನಪಿಗೆ ಶಾಲೆಗಳಲ್ಲಿ ಪೋಸ್ಟರ್ ಸ್ಪರ್ಧೆ ನಡೆಯುತ್ತದೆ. ನಾನು ಮಂಡ್ಯ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಇಕೋ ಕ್ಲಬ್ ನೋಡಿಕೊಳ್ಳುತ್ತೇನೆ. ಜನವರಿಯ ಕೊನೆಯ ಎರಡು ವಾರ ಮಕ್ಕಳೂ ಅವರ ಮನೆಯವರೂ ಬೇರೆ ಶಾಲೆಯ ಶಿಕ್ಷಕರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಮ್ಮೆ ಕುಳಿತು ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಎನಿಸಿತು.

ಜೌಗು ಪ್ರದೇಶ, ತೇವಭೂಮಿ, ಆರ್ದ್ರಭೂಮಿ: ಪೋಸ್ಟರ್‌ನಲ್ಲಿ ಯಾವ ಪದ ಬರೆಯಬೇಕು?

ಮೂರೂ ಬಳಕೆಯಲ್ಲಿವೆ, ಮೂರೂ ಸರಿ. ಸ್ಪರ್ಧೆಯ ಸುತ್ತೋಲೆಯಲ್ಲಿ ಯಾವುದಿದೆಯೋ ಅದನ್ನು ಪೋಸ್ಟರ್‌ನ ಕೆಳಮೂಲೆಯಲ್ಲಿ ಚಿಕ್ಕದಾಗಿ ಬರೆಯಿರಿ. ತಲೆಬರಹದಲ್ಲಿ ಮಾತ್ರ ಈ ಮೂರೂ ಬೇಡ ಎಂಬುದು ನನ್ನ ಅಭಿಪ್ರಾಯ.

ಕಾರಣ ಇದೆ. ನಮ್ಮ ನಾಲಾ ಬಯಲಿನಲ್ಲಿ ರೈತರು ಜೌಗು ಎನ್ನುವುದು ನೀರು ಬಸಿಯದೆ ಬೇರು ಕೊಳೆಯುವ ಹೊಲಕ್ಕೆ. ಅಂಥ ಹೊಲ ಇದ್ದವರು ಅದನ್ನು ಒಣಗಿಸಲು ವರ್ಷಗಟ್ಟಲೆ ಪಾಡು ಪಟ್ಟಿರುತ್ತಾರೆ. ಅವರ ಮುಂದೆ ‘ಜೌಗು ಉಳಿಸಿ’ ಎಂದು ಹಿಡಿದರೆ ಮಾತು ಅಲ್ಲಿಗೇ ಮುರಿದುಬೀಳುತ್ತದೆ. ನಿಮ್ಮ ಊರಿನವರು ಆ ಜಾಗವನ್ನು ಏನೆಂದು ಕರೆಯುತ್ತಾರೋ ಅದನ್ನೇ ದೊಡ್ಡದಾಗಿ ಬರೆಯಿರಿ. ಬಯಲುಸೀಮೆಯಾದರೆ ಕೆರೆ, ಕಟ್ಟೆ, ಕುಂಟೆ. ಕುಮಟಾ ಕಡೆಯವರಾದರೆ ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ), ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು). ಸಿದ್ದಾಪುರದ ಕಾಡಿನ ಮಕ್ಕಳಾದರೆ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳಿರುವ ಕಾಡಿನ ಜೌಗು). ಆ ಪದದ ಮೊದಲು ಊರಿನ ಹೆಸರೂ ಇರಲಿ.

ನಮ್ಮೂರಿನದು ಗದ್ದೆಗೆ ನೀರು ಬಿಡಲು ಕಟ್ಟಿಸಿದ ಕೆರೆ. ಅದು ಜೌಗು ಪ್ರದೇಶ ಹೇಗಾಗುತ್ತದೆ?

ರಾಮ್‌ಸಾರ್ ಒಪ್ಪಂದದ ಪ್ರಕಾರ ಖಂಡಿತ ಆಗುತ್ತದೆ. ತಾನಾಗಿ ಆದದ್ದಿರಲಿ, ಜನ ಕಟ್ಟಿದ್ದಿರಲಿ, ವರ್ಷವಿಡೀ ನೀರಿರಲಿ, ಮಳೆಗಾಲದಲ್ಲಷ್ಟೇ ತುಂಬಲಿ, ಸಿಹಿನೀರಾಗಲಿ, ಉಪ್ಪಾಗಲಿ ಎಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಇಳಿತದ ಹೊತ್ತಿನಲ್ಲಿ ಆರು ಮೀಟರ್ ಮೀರದ ಆಳದ ಕಡಲಂಚು ಕೂಡ ಸೇರುತ್ತದೆ. ಭಾರತ ಸರ್ಕಾರದ 2017ರ ನಿಯಮಗಳು ಬೇರೆ. ನೀರಾವರಿಗೆ, ಕುಡಿಯುವ ನೀರಿಗೆ ಎಂದೇ ಕಟ್ಟಿದವುಗಳನ್ನು ಅವು ಹೊರಗಿಟ್ಟಿವೆ. ಶಿಕ್ಷಕರಿಗೆ ಈ ವ್ಯತ್ಯಾಸ ತಿಳಿದಿರಲಿ, ಮಕ್ಕಳ ಪೋಸ್ಟರ್‌ಗೆ ಅದರಿಂದ ಅಡ್ಡಿಯಿಲ್ಲ.

‘ನಮ್ಮದು ಬರೀ ಊರ ಕೆರೆ ಸರ್’ ಎಂದು ಸಂಕೋಚಪಡುವ ಮಕ್ಕಳಿಗೆ ನಾನು ಹೇಳುವುದು ಒಂದೇ. ಈ ಒಪ್ಪಂದದಡಿ ಜಗತ್ತಿಗೇ ಮುಖ್ಯವೆಂದು ಗುರುತಿಸಿದ ಜಾಗಗಳ ರಾಮ್‌ಸಾರ್ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಇವೆ. 2022ರಲ್ಲಿ ರಂಗನತಿಟ್ಟು ಸೇರಿತು. 2024ರ ಆರಂಭದಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಸೇರಿದ ಸುದ್ದಿ ಬಂತು. ಇವುಗಳಲ್ಲಿ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಗದಗ ಜಿಲ್ಲೆಯ ಮಾಗಡಿಯೂ ವ್ಯವಸಾಯಕ್ಕಾಗಿ ಜನರೇ ಕಟ್ಟಿಕೊಂಡ ಕೆರೆಗಳು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಾಗಡಿಯಲ್ಲಿ ಚಳಿಗಾಲ ಕಳೆಯುತ್ತವೆ. ಏರಿ ಕಟ್ಟಿದವರು ಗದ್ದೆಗೆ ನೀರಾಗಲಿ ಎಂದು ಕಟ್ಟಿದರು, ಹೆಬ್ಬಾತಿಗೂ ಆಯಿತು. ನಿಮ್ಮ ಊರ ಕೆರೆಯೂ ಅದೇ ಜಾತಿಯದು.

ಕೆರೆ ಒಣಗಿಹೋಗಿದೆ. ಬೇರೆ ಜಾಗ ಆರಿಸಿಕೊಳ್ಳಲೇ?

ಬೇಡ. ಒಣಗಿದ ಕೆರೆಯ ಪೋಸ್ಟರ್ ಬರೆಯುವವರು ಕಡಿಮೆ. ಬಿರುಕು ಬಿಟ್ಟ ಅಂಗಳ, ಬಾಯಿ ಮುಚ್ಚಿದ ತೂಬು, ಗಿಡ ಬೆಳೆದ ಕೋಡಿ ಇವೆಲ್ಲ ಚಿತ್ರಕ್ಕೆ ಒದಗುತ್ತವೆ. ಬೆಂಗಳೂರಿನ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಬಸ್ಸುಗಳ ಸಾಲಿನ ಕೆಳಗೆ ನೀರಿನ ಅಲೆ ಬರೆದು ‘ಇಲ್ಲಿ ಕೆರೆ ಇತ್ತು’ ಎಂಬ ಮೂರೇ ಪದ ಬರೆದರೂ ಸಾಕು.

ಕೆರೆಗೆ ಹೋಗಲೇಬೇಕೇ? ಮನೆಯಲ್ಲಿ ಕೂತು ಬರೆದರೆ ಆಗದೇ?

ಹೋಗಲೇಬೇಕು. ಇಷ್ಟು ವರ್ಷ ಮಕ್ಕಳ ಪೋಸ್ಟರ್‌ಗಳನ್ನು ನೋಡಿದ ಮೇಲೆ ನನಗೆ ಅತ್ಯಂತ ಖಚಿತವಾಗಿರುವ ಸಂಗತಿ ಇದೊಂದೇ: ಕೆರೆ ನೋಡಿ ಬಂದ ಕೈ ಬರೆದದ್ದು ದೂರದಿಂದಲೇ ಗೊತ್ತಾಗುತ್ತದೆ. ನೋಡದೆ ಬರೆದವರ ಚಿತ್ರದಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ, ನೀಲಿ ನೀರು, ಅದರಲ್ಲೊಂದು ಹಂಸ. ನೋಡಿ ಬಂದವರ ಚಿತ್ರದಲ್ಲಿ ಮುಳುಗಿದ ಜಾಲಿ ಮರ, ತೇಲುವ ಚಪ್ಪಲಿ, ಏರಿಯ ಮೇಲೆ ಒಣಗಲು ಹಾಕಿದ ಬಲೆ.

ಮೊದಲು ಎಚ್ಚರಿಕೆಯ ಮಾತು. ಮಕ್ಕಳು ಒಬ್ಬರೇ ಹೋಗಬಾರದು. ಮನೆಯ ಹಿರಿಯರೋ ಶಿಕ್ಷಕರೋ ಜೊತೆಗಿರಲೇಬೇಕು, ನೋಡುವುದು ಏರಿಯ ಮೇಲಿಂದ ಮಾತ್ರ, ನೀರಿಗೆ ಇಳಿಯುವಂತಿಲ್ಲ. ಹೂಳು ತೆಗೆಯಲೆಂದು ಜೆಸಿಬಿಯಿಂದ ತೋಡಿದ ಗುಂಡಿಗಳು ನೀರು ತುಂಬಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ; ಮೊಣಕಾಲುದ್ದದ ನೀರು ಒಂದು ಹೆಜ್ಜೆಗೆ ಆಳುದ್ದ ಆಗುತ್ತದೆ. ಈಜು ಬಲ್ಲವರೂ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಈ ಸಾಲುಗಳನ್ನು ಪೋಷಕರು ದಯವಿಟ್ಟು ಎರಡು ಸಲ ಓದಿ.

ಹೋದಾಗ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಬೆಳಿಗ್ಗೆ ಏಳರ ಹೊತ್ತಿಗೆ ಹೋಗಿ, ಹಕ್ಕಿಗಳು ಆಗ ಚುರುಕಾಗಿರುತ್ತವೆ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದನ್ನು ಮೊದಲು ಹುಡುಕಿ. ಒಳಬರುವ ಕಾಲುವೆಯ ಬಾಯಲ್ಲಿ ನಿಂತರೆ ಕೆರೆಯ ಕಥೆ ಅರ್ಧ ತಿಳಿದಂತೆ. ಅಲ್ಲಿ ಮಳೆನೀರು ಬರುತ್ತಿದೆಯೇ, ಮನೆಗಳ ಬಚ್ಚಲು ನೀರು ಬರುತ್ತಿದೆಯೇ, ಕಾಲುವೆಯನ್ನು ಯಾರಾದರೂ ಮುಚ್ಚಿ ಸೈಟು ಮಾಡಿದ್ದಾರೆಯೇ? ಆಮೇಲೆ ನೀರಿನ ಮೇಲೆ ಏನು ಬೆಳೆದಿದೆ ನೋಡಿ. ತಿಳಿನೇರಳೆ ಹೂವಿನ ಅಂತರಗಂಗೆ ದಟ್ಟವಾಗಿ ಹರಡಿದ್ದರೆ ಕೆರೆಗೆ ಕೊಳಚೆ ಸೇರುತ್ತಿದೆ ಎಂದು ಬಹುಪಾಲು ಹೇಳಬಹುದು. ಈ ಗಿಡದ ತವರು ದಕ್ಷಿಣ ಅಮೆರಿಕ. ಕೊಳಚೆಯ ಸಾರ ಉಂಡು ಬೆಳೆದು ನೀರಿಗೆ ಬೆಳಕು ಇಳಿಯದ ಹಾಗೆ ಮುಚ್ಚಿಬಿಡುತ್ತದೆ.

ಅಲ್ಲಿ ಸಿಕ್ಕವರನ್ನು ಮಾತಾಡಿಸಿ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿ ಇದ್ದರೆ ಅವರಷ್ಟು ಬಲ್ಲವರು ಬೇರೊಬ್ಬರಿಲ್ಲ. ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎಮ್ಮೆ ತೊಳೆಯುತ್ತಿದ್ದ ಅಜ್ಜನೊಬ್ಬರನ್ನು, ‘ತಾತ, ಈ ಕೆರೆ ಕೋಡಿ ಬಿದ್ದದ್ದನ್ನು ಕೊನೆಯ ಸಲ ಯಾವಾಗ ನೋಡಿದಿರಿ?’ ಎಂದು ಕೇಳಿದಳು. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ನಿಮ್ಮಪ್ಪ ಶಾಲೆಗೆ ಹೋಗುತ್ತಿದ್ದಾಗ’ ಎಂದರು. ಅವಳ ಪೋಸ್ಟರ್‌ನ ತಲೆಬರಹ ಅದೇ ಆಯಿತು: ‘ಈ ಕೆರೆ ಕೋಡಿ ಬಿದ್ದಾಗ ನಮ್ಮಪ್ಪ ಶಾಲೆಗೆ ಹೋಗುತ್ತಿದ್ದರು’. ಕೆಳಗೆ ಅಪ್ಪನ ಚಿಕ್ಕ ಚಿತ್ರ, ಚೀಲ ಹೊತ್ತು ಕೋಡಿಯ ನೀರಿನಲ್ಲಿ ನಿಂತಂತೆ. ಅದನ್ನು ನೋಡಿದ ಊರಿನ ಗಂಡಸರೆಲ್ಲ ಪೋಸ್ಟರ್‌ನ ಮುಂದೆ ನಿಂತು ವರ್ಷ ಲೆಕ್ಕ ಹಾಕುತ್ತಿದ್ದರು.

ಘೋಷಣೆ ಹೊಳೆಯುತ್ತಿಲ್ಲ. ನೀವೇ ಒಂದು ಕೊಡುವಿರಾ?

ಕೊಟ್ಟರೆ ಅದು ನನ್ನ ಪೋಸ್ಟರ್ ಆಗುತ್ತದೆ. ಹೊಳೆಯುವ ದಾರಿ ಹೇಳುತ್ತೇನೆ.

‘ಕೆರೆ ಉಳಿಸಿ, ನಾಡು ಉಳಿಸಿ’ ಎಂಬಂಥದ್ದನ್ನು ನಾವು ಎಷ್ಟು ಸಲ ಓದಿದ್ದೇವೆಂದರೆ ಈಗ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಯಾರು, ಏನು ಮಾಡಬೇಕು ಅಥವಾ ಏನು ಬಿಡಬೇಕು ಎಂಬುದು ಅದರಲ್ಲಿ ಇಲ್ಲ. ನಿಮ್ಮ ಕೆರೆಗೆ ಆಗುತ್ತಿರುವ ಒಂದೇ ಒಂದು ತೊಂದರೆಯನ್ನು ಆರಿಸಿಕೊಳ್ಳಿ, ಅದನ್ನು ಮಾಡುವವರನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡಿದ ಹಾಗೆ ಬರೆಯಿರಿ. ಕಾಲುವೆ ಮುಚ್ಚಿದ ಊರಿನ ಮಕ್ಕಳು ಒಮ್ಮೆ ಹೀಗೆ ಬರೆದಿದ್ದರು: ‘ಕಸಕ್ಕೆ ದಾರಿ ಇದೆ, ಮಳೆನೀರಿಗೆ ದಾರಿ ಇಲ್ಲ’. ಇನ್ನೊಂದು: ‘ಕಾಲುವೆ ಮುಚ್ಚಿದಿರಿ, ಕೆರೆ ಬತ್ತಿತು. ಕೆರೆ ಬತ್ತಿತು, ಕೊಳವೆಬಾವಿ ಬತ್ತಿತು’. ಕಾರಣವೂ ಪರಿಣಾಮವೂ ಎರಡು ಸಾಲಿನಲ್ಲಿ ಬಂದುಬಿಟ್ಟಿವೆ.

ನನಗೆ ಬಹಳ ಇಷ್ಟವಾದದ್ದು ಕೊಕ್ಕರೆ ಬೆಳ್ಳೂರು ನೋಡಿ ಬಂದ ವರ್ಷದ್ದು. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಮನೆಗಳ ನಡುವಿನ ಹುಣಿಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಸುತ್ತಲಿನ ಕೆರೆಗಳಿಂದ, ಶಿಂಷಾ ಹೊಳೆಯಿಂದ ಮೀನು ತಂದು ಮರಿಗಳಿಗೆ ಉಣಿಸುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಅವನ್ನು ಕಾಣುತ್ತಾರೆ. ಅಲ್ಲಿಂದ ಬಂದ ಹುಡುಗನೊಬ್ಬ ಮರದ ಮೇಲೆ ಗೂಡು, ಗೂಡಿನಲ್ಲಿ ಮರಿ ಬರೆದು ಕೆಳಗೆ ಬರೆದದ್ದು: ‘ಬಾಣಂತಿ ಇದ್ದಾಳೆ, ಪಟಾಕಿ ಬೇಡ’. ಐದು ವರ್ಷದ ಮಗುವಿಗೂ ಎಂಬತ್ತರ ಅಜ್ಜಿಗೂ ಅದು ಅರ್ಥವಾಯಿತು.

ಪ್ರಾಸ ತಾನಾಗಿ ಬಂದರೆ ಇರಲಿ. ಪ್ರಾಸಕ್ಕಾಗಿ ಅರ್ಥವನ್ನು ಎಳೆದಾಡಬೇಡಿ.

ಒಟ್ಟು ಎಷ್ಟು ಪದ ಇರಬೇಕು?

ತಲೆಬರಹ ಏಳೆಂಟು ಪದ. ಅದರ ಕೆಳಗೆ ವಿವರ ಬೇಕಿದ್ದರೆ ಮೂರು ನಾಲ್ಕು ಸಾಲು. ಅದಕ್ಕಿಂತ ಹೆಚ್ಚಿದ್ದರೆ ಪ್ರಬಂಧ ಸ್ಪರ್ಧೆಗೆ ಕೊಡಿ.

ಯಾವ ಕಾಗದ, ಯಾವ ಬಣ್ಣ?

ಸುತ್ತೋಲೆಯಲ್ಲಿ ಅಳತೆ ಹೇಳಿದ್ದರೆ ಅದೇ. ಹೇಳದಿದ್ದರೆ ಬಿಳಿಯ ಡ್ರಾಯಿಂಗ್ ಶೀಟ್ ಅಥವಾ ಪೇಟೆಯಲ್ಲಿ ಸಿಗುವ ಪೂರ್ಣ ಚಾರ್ಟ್. ನುಣುಪಾದ ಹೊಳಪಿನ ಚಾರ್ಟ್‌ನಲ್ಲಿ ಸ್ಕೆಚ್ ಪೆನ್ನಿನ ಮಸಿ ಬೇಗ ಒಣಗದೆ ಅಂಗೈಗೆ ಹತ್ತಿ ಹರಡುತ್ತದೆ, ಸ್ವಲ್ಪ ಒರಟಾದದ್ದೇ ಒಳ್ಳೆಯದು. ಬಣ್ಣ ಮನೆಯಲ್ಲಿ ಏನಿದೆಯೋ ಅದು. ಕ್ರೇಯಾನ್‌ನಿಂದ ಮಾಡಿದ ಬಹಳ ಚೆಂದದ ಪೋಸ್ಟರ್‌ಗಳನ್ನು ನೋಡಿದ್ದೇನೆ. ಅಕ್ಷರಕ್ಕೆ ಮಾತ್ರ ಓರೆ ತುದಿಯ ಮಾರ್ಕರ್ ಒಂದು ಇದ್ದರೆ ಅನುಕೂಲ.

ಥರ್ಮಾಕೋಲ್, ಮಿನುಗು ಪುಡಿ, ಪ್ಲಾಸ್ಟಿಕ್ ಹೂವು ಬೇಡ. ಲ್ಯಾಮಿನೇಷನ್ ಕೂಡ ಬೇಡ. ಇವೆಲ್ಲ ಕೊನೆಗೆ ಸೇರುವುದು ಕೆರೆಯನ್ನೇ.

ನನ್ನ ಕೈಬರಹ ಚೆನ್ನಾಗಿಲ್ಲ. ಪ್ರಿಂಟ್ ತೆಗೆದು ಅಂಟಿಸಬಹುದೇ?

ಕೈಬರಹದ ಪೋಸ್ಟರ್ ಎಂದ ಮೇಲೆ ಅಂಟಿಸುವಂತಿಲ್ಲ. ಅಂಟಿಸುವ ಅಗತ್ಯವೂ ಇಲ್ಲ. ನೋಟ್‌ಬುಕ್ಕಿನ ಬರಹ ಬೇರೆ, ಪೋಸ್ಟರ್‌ನ ಬರಹ ಬೇರೆ. ಪೋಸ್ಟರ್‌ನಲ್ಲಿ ಅಕ್ಷರವನ್ನು ಬರೆಯುವುದಕ್ಕಿಂತ ಹೆಚ್ಚಾಗಿ ಬಿಡಿಸುತ್ತೇವೆ. ನಿಧಾನವಾಗಿ ಬಿಡಿಸಿದರೆ ಯಾರ ಅಕ್ಷರವೂ ಓದುವಂತಿರುತ್ತದೆ.

ಕನ್ನಡ ಅಕ್ಷರಕ್ಕೆ ಎರಡು ಗೆರೆ ಸಾಲದು, ಇದನ್ನು ಮೊದಲು ತಿಳಿದುಕೊಳ್ಳಿ. ತಲೆಕಟ್ಟಿಗೊಂದು ಗೆರೆ, ಅಕ್ಷರದ ಬುಡಕ್ಕೊಂದು ಗೆರೆ, ಅದರ ಕೆಳಗೆ ಒತ್ತಕ್ಷರಕ್ಕೆ ಮೂರನೆಯದು. ಮೇಲುಗಡೆ ಗುಡಿಸಿಗೆ, ಏತ್ವಕ್ಕೆ ಸ್ವಲ್ಪ ಜಾಗ. ಮಕ್ಕಳು ಇದನ್ನು ಮರೆತು ಸಾಲುಗಳನ್ನು ಒತ್ತೊತ್ತಾಗಿ ಹಾಕುತ್ತಾರೆ. ಮೇಲಿನ ಸಾಲಿನ ‘ಬತ್ತಿತು’ವಿನ ತ-ಒತ್ತು ಕೆಳಗಿನ ಸಾಲಿನ ‘ನೀರಿಗೆ’ಯ ದೀರ್ಘಕ್ಕೆ ಬಂದು ಗುದ್ದುತ್ತದೆ, ಎರಡೂ ಓದಲು ಬರುವುದಿಲ್ಲ. ಅಕ್ಷರ 5 ಸೆಂಟಿಮೀಟರ್ ಎತ್ತರ ಇದ್ದರೆ ಎರಡು ಸಾಲುಗಳ ನಡುವೆ ಹೆಚ್ಚುಕಡಿಮೆ ಅಷ್ಟೇ ಬಿಡಿ. ಮೊದಮೊದಲು ಜಾಸ್ತಿ ಎನಿಸುತ್ತದೆ, ಬರೆದ ಮೇಲೆ ಸರಿಯಾಗಿಯೇ ಕಾಣುತ್ತದೆ.

ಎರಡನೆಯ ತೊಂದರೆ, ಸಾಲು ಬಲಗಡೆಗೆ ಬಂದಾಗ ಜಾಗ ಮುಗಿಯುವುದು. ‘ಸಂರಕ್ಷಿಸಿ’ ಎಂಬುದರಲ್ಲಿ ‘ಸಂರ’ ಆನೆಯಂತೆ, ‘ಕ್ಷಿಸಿ’ ಇರುವೆಯಂತೆ. ಅಕ್ಷರ ಎಣಿಸಿ ಜಾಗ ಹಂಚಿದರೂ ಕೆಲಸ ನಡೆಯುವುದಿಲ್ಲ, ಏಕೆಂದರೆ ನಮ್ಮ ಅಕ್ಷರಗಳ ಅಗಲ ಒಂದೇ ಅಲ್ಲ. ಮ, ಯ, ಝ ಅಗಲ ಬೇಡುತ್ತವೆ. ರ, ಗ, ಠ ಸ್ವಲ್ಪದರಲ್ಲೇ ಮುಗಿಯುತ್ತವೆ. ಇದಕ್ಕೆ ನಾನು ಹೇಳಿಕೊಡುವ ಉಪಾಯ ಹಳೆಯ ದಿನಪತ್ರಿಕೆ. ಚಾರ್ಟ್‌ನಷ್ಟೇ ಅಳತೆಗೆ ಪತ್ರಿಕೆಯನ್ನು ಹಾಸಿ, ತಲೆಬರಹವನ್ನು ಅದರ ಮೇಲೆ ಪೂರ್ತಿ ಗಾತ್ರದಲ್ಲಿ ಒಮ್ಮೆ ಬರೆಯಿರಿ. ಎಲ್ಲಿ ತುಂಬುತ್ತದೆ, ಎಲ್ಲಿ ಉಳಿಯುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಆಮೇಲೆ ಪ್ರತಿ ಪದ ಎಲ್ಲಿ ಶುರುವಾಗಬೇಕೆಂದು ಚಾರ್ಟ್‌ನ ಮೇಲೆ ಪೆನ್ಸಿಲ್ ಚುಕ್ಕಿ ಇಟ್ಟುಕೊಳ್ಳಿ. ಪದವನ್ನು ಮಾತ್ರ ಅರ್ಧಕ್ಕೆ ಮುರಿದು ಮುಂದಿನ ಸಾಲಿಗೆ ಒಯ್ಯಬೇಡಿ.

ಬರೆದು ಮುಗಿದ ಮೇಲೆ ಗೋಡೆಗೆ ಒರಗಿಸಿ ಹತ್ತು ಅಡಿ ಹಿಂದಕ್ಕೆ ಹೋಗಿ ನೋಡಿ. ಹಳದಿ, ತಿಳಿನೀಲಿ ಅಕ್ಷರಗಳು ಆ ದೂರದಲ್ಲಿ ಕಾಣಿಸುವುದೇ ಇಲ್ಲ. ಕಪ್ಪು, ಕಡುನೀಲಿ, ಕಡುಹಸಿರು ನಿಲ್ಲುತ್ತವೆ.

ಕಾಗುಣಿತಕ್ಕೆ ಅಂಕ ಕಳೆಯುತ್ತಾರೆಯೇ?

ಅಂಕದ ಮಾತು ಹಾಗಿರಲಿ, ಅರ್ಥವೇ ಕೆಡುತ್ತದೆ. ‘ಅಂತರ್ಜಲ ಉಳಿಸಿ’ ಎಂದು ಬರೆಯಬೇಕಾದ ಕಡೆ ‘ಅಂತರ್ಜಾಲ ಉಳಿಸಿ’ ಎಂದು ಬರೆದುಕೊಂಡು ಬರುವವರು ಪ್ರತಿ ವರ್ಷ ಇರುತ್ತಾರೆ. ಒಂದು ದೀರ್ಘದಿಂದ ನೆಲದೊಳಗಿನ ನೀರು ಇಂಟರ್‌ನೆಟ್ ಆಗಿಬಿಡುತ್ತದೆ. ‘ಕೆರೆಯ ಹೂಳು ತೆಗೆಯಿರಿ’ ಎಂಬುದು ‘ಹುಳು ತೆಗೆಯಿರಿ’ ಆದರೆ ಕೇಳುತ್ತಿರುವುದೇ ಬೇರೆ ಕೆಲಸ. ಹುಳುಗಳು ಕೆರೆಗೆ ಬೇಕು, ಮೀನಿಗೂ ಹಕ್ಕಿಗೂ ಅವೇ ಊಟ. ‘ಮಾಲಿನ್ಯ’ಕ್ಕೆ ನ, ಣ ಅಲ್ಲ. ‘ಸಂರಕ್ಷಿಸಿ’ಯಲ್ಲಿ ಕ್ಷಿ ಹ್ರಸ್ವ. ‘ಜೌಗು’, ‘ಜವುಗು’ ಎರಡೂ ನಡೆಯುತ್ತವೆ, ಒಂದೇ ಪೋಸ್ಟರ್‌ನಲ್ಲಿ ಎರಡನ್ನೂ ಬೆರೆಸಬೇಡಿ. ಮಾರ್ಕರ್ ಹಿಡಿಯುವ ಮೊದಲು ಪೆನ್ಸಿಲ್ ಬರಹವನ್ನು ಕನ್ನಡ ಶಿಕ್ಷಕರಿಗೆ ಒಮ್ಮೆ ತೋರಿಸಿದರೆ ಎಲ್ಲ ಮುಗಿಯಿತು.

ಹಕ್ಕಿ ಬರೆಯಲು ಬರುವುದಿಲ್ಲ. ಯಾವುದು ಸುಲಭ?

ನಿಮ್ಮ ಕೆರೆಯಲ್ಲಿ ನೀವು ಕಂಡದ್ದು ಸುಲಭ. ಹಂಸ ನಮ್ಮ ಕೆರೆಗಳಿಗೆ ಬರುವುದಿಲ್ಲ, ಅದನ್ನು ಬಿಡಿ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಗುಳುಮುಳುಕ ಇವುಗಳಲ್ಲಿ ಒಂದಾದರೂ ಎಲ್ಲ ಕಡೆ ಸಿಗುತ್ತದೆ. ನಾಮದ ಕೋಳಿಯನ್ನು ಬರೆಯುವುದಂತೂ ಬಹಳ ಸರಳ: ದುಂಡನೆಯ ಕಪ್ಪು ಮೈ, ಬಿಳಿಯ ಕೊಕ್ಕು, ಹಣೆಯ ಮೇಲೆ ಬಿಳಿಯ ನಾಮ.

ಹಾರುವ ಹಕ್ಕಿ ಬರೆಯುವವರು ಕುತ್ತಿಗೆಯ ಕಡೆ ಗಮನ ಕೊಡಿ. ಕೊಕ್ಕರೆ ಹಾರುವಾಗ ಕುತ್ತಿಗೆಯನ್ನು ಮುಂದಕ್ಕೆ ನೀಳವಾಗಿ ಚಾಚುತ್ತದೆ. ಬೆಳ್ಳಕ್ಕಿ ಮಡಚಿ ಎದೆಗೆ ಒತ್ತಿಕೊಳ್ಳುತ್ತದೆ. ಹೆಜ್ಜಾರ್ಲೆಯದೂ ಅಷ್ಟೆ, ಅಷ್ಟು ದೊಡ್ಡ ಕೊಕ್ಕನ್ನು ಹೊತ್ತುಕೊಂಡು ಕುತ್ತಿಗೆಯನ್ನು ಹಿಂದಕ್ಕೆ ಎಳೆದುಕೊಂಡೇ ಹಾರುತ್ತದೆ. ಬಣ್ಣದ ಕೊಕ್ಕರೆಗೆ ಹಳದಿ ಕೊಕ್ಕು, ಎದೆಯ ಮೇಲೆ ಅಡ್ಡಕ್ಕೆ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿ. ಈ ಮೂರು ಸರಿ ಬಂದರೆ ಗೆರೆ ಸೊಟ್ಟಗಿದ್ದರೂ ಹಕ್ಕಿ ಬಲ್ಲವರು ಗುರುತಿಸುತ್ತಾರೆ.

ಹೂವಿನದೂ ಒಂದು ಮಾತು. ತಾವರೆಯ ಎಲೆ ದುಂಡಗೆ ಇಡಿಯಾಗಿರುತ್ತದೆ, ಹೂವು ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ನೈದಿಲೆಯ ಎಲೆಗೆ ಒಂದು ಸೀಳು ಇರುತ್ತದೆ, ಅದು ನೀರಿನ ಮೇಲೆ ಮಲಗಿರುತ್ತದೆ. ಇದು ಗೊತ್ತಾದ ಮೇಲೆ ಮಕ್ಕಳು ಕೆರೆಯ ದಂಡೆಯಲ್ಲಿ ನಿಂತು ಎಲೆಗಳನ್ನು ಎಣಿಸಲು ಶುರುಮಾಡುತ್ತಾರೆ.

ನೀರಿಗೆ ಯಾವ ಬಣ್ಣ ಹಚ್ಚಲಿ?

ಕಂಡ ಬಣ್ಣ. ಮೊದಲ ಮಳೆಯ ನೀರು ಕೆಮ್ಮಣ್ಣಿನದು, ಚಹಾದ ಬಣ್ಣ. ಪಾಚಿ ಕಟ್ಟಿದ್ದರೆ ಹಸಿರು. ಸಂಜೆಯಲ್ಲಿ ಬೂದು. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಬರೆಯುವ ಮಗು ಬಿಳಿಯ ನೊರೆ ಬರೆಯಬೇಕಾಗುತ್ತದೆ. ಸೋಪು, ಡಿಟರ್ಜೆಂಟ್ ಬೆರೆತ ಕೊಳಚೆ ಸಂಸ್ಕರಣೆಯಾಗದೆ ಕೆರೆಗೆ ಸೇರಿ, ಕೋಡಿಯಲ್ಲಿ ಎತ್ತರದಿಂದ ಧುಮುಕುವಾಗ ಕಡೆದ ಹಾಗಾಗಿ ನೊರೆ ಏಳುತ್ತದೆ. ಆ ಕೆರೆಗೆ ಬೆಂಕಿಯೂ ಬಿದ್ದಿತ್ತು, 2018ರ ಜನವರಿಯಲ್ಲಿ ಆರಿಸಲು ಸೇನೆಯವರೂ ಬಂದಿದ್ದರು. ನೀರಿನ ಮೇಲೆ ಕೆಂಪು ಜ್ವಾಲೆ ಬರೆದರೆ ಉತ್ಪ್ರೇಕ್ಷೆ ಎನ್ನುವವರಿಗೆ ಇದನ್ನು ಹೇಳಿ.

ಅಂಕಿಅಂಶ ಹಾಕಿದರೆ ತೂಕ ಬರುತ್ತದೆ ಅಲ್ಲವೇ?

ಒಂದು ಅಂಕಿ ಸಾಕು, ಅದು ಸರಿ ಇರಬೇಕು. ಭಾರತದಲ್ಲಿ ಎಷ್ಟು ರಾಮ್‌ಸಾರ್ ತಾಣಗಳಿವೆ ಎಂದು ಹಳೆಯ ಪೋಸ್ಟರ್ ನೋಡಿ ನಕಲು ಮಾಡುವವರೇ ಹೆಚ್ಚು. 2014ರಲ್ಲಿ 26 ಇದ್ದದ್ದು 2025ರ ಜೂನ್ ಹೊತ್ತಿಗೆ 91 ಆಗಿತ್ತು, ಆಮೇಲೆಯೂ ಸೇರುತ್ತಿವೆ. ಬದಲಾಗುವ ಅಂಕಿ ಬರೆಯುವುದಾದರೆ ಪಕ್ಕದಲ್ಲಿ ವರ್ಷ ಬರೆಯಿರಿ. ಅದಕ್ಕಿಂತ ನೀವೇ ಎಣಿಸಿದ ಅಂಕಿ ನನಗೆ ಹೆಚ್ಚು ಪ್ರಿಯ: ‘ಅರ್ಧ ಗಂಟೆಯಲ್ಲಿ ನಾನು ಕಂಡ ಹಕ್ಕಿ 43, ಪ್ಲಾಸ್ಟಿಕ್ ಬಾಟಲಿ 61’. ಅದನ್ನು ಯಾರೂ ಪ್ರಶ್ನಿಸಲಾರರು, ನೀವು ಅಲ್ಲಿದ್ದಿರಿ.

ಮೊಬೈಲ್‌ನಲ್ಲಿ ಸಿಗುವ ಚಿತ್ರ ನೋಡಿ ಬರೆಯಬಹುದೇ?

ಹಕ್ಕಿಯ ಕಾಲು ಹೇಗಿದೆ, ರೆಕ್ಕೆಯ ಬಣ್ಣ ಏನು ಎಂದು ತಿಳಿಯಲು ನೋಡಿ. ಇಡೀ ಪೋಸ್ಟರ್ ನೋಡಿ ಇಳಿಸಬೇಡಿ. ಒಂದೇ ಚಿತ್ರ, ಅಂಗೈಯಲ್ಲಿ ಭೂಮಿ, ಭೂಮಿಯಿಂದ ಹನಿ, ಒಂದೇ ದಿನ ಹನ್ನೊಂದು ಮಕ್ಕಳಿಂದ ಬಂದದ್ದು ನೆನಪಿದೆ. ಅವರಲ್ಲಿ ಚೆನ್ನಾಗಿ ಚಿತ್ರ ಬರೆಯುವವರೂ ಇದ್ದರು, ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಪೋಷಕರು ಎಷ್ಟು ನೆರವಾಗಬಹುದು?

ಕೆರೆಗೆ ಕರೆದುಕೊಂಡು ಹೋಗಿ. ಕಾಗದ ತಂದುಕೊಡಿ. ಅಡಿಗೆರೆ ಹಾಕುವಾಗ ಸ್ಕೇಲಿನ ಇನ್ನೊಂದು ತುದಿ ಹಿಡಿಯಿರಿ. ನಿಮ್ಮ ಬಾಲ್ಯದಲ್ಲಿ ಆ ಕೆರೆ ಹೇಗಿತ್ತೆಂದು ಹೇಳಿ. ಈಜು ಕಲಿತದ್ದು, ಏಡಿ ಹಿಡಿದದ್ದು, ತಾವರೆ ಎಲೆಯಲ್ಲಿ ಊಟ ಮಾಡಿದ್ದು. ಮಾರ್ಕರ್ ಮಾತ್ರ ಮಗುವಿನ ಕೈಯಲ್ಲೇ ಇರಲಿ. ದೊಡ್ಡವರ ಗೆರೆಯನ್ನು ತೀರ್ಪುಗಾರರು ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ, ಆಗ ತಲೆ ತಗ್ಗಿಸಿ ನಿಲ್ಲುವುದು ಮಗು. ಆ ಮುಖ ನೋಡುವುದು ಕಷ್ಟ.

ಸ್ಪರ್ಧೆ ಮುಗಿದ ಮೇಲೆ ಪೋಸ್ಟರ್ ಎಲ್ಲಿ ಹಾಕಬೇಕು?

ಈ ಪ್ರಶ್ನೆ ಕೇಳುವವರು ಕಡಿಮೆ. ನಾನು ಅತಿ ಹೆಚ್ಚು ಉತ್ತರ ಕೊಡಲು ಬಯಸುವುದು ಇದಕ್ಕೇ.

ಶಾಲೆಯ ಗೋಡೆಯ ಮೇಲೆ ಹಾಕಿದರೆ ಈಗಾಗಲೇ ವಿಷಯ ಬಲ್ಲ ಮಕ್ಕಳೇ ಓದುತ್ತಾರೆ. ಹಳ್ಳಿಯಾದರೆ ಹಾಲಿನ ಡೇರಿಗೆ ಕೊಡಿ. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆ ಓದಲು ಬೇರೇನೂ ಇರುವುದಿಲ್ಲ. ನ್ಯಾಯಬೆಲೆ ಅಂಗಡಿ, ಗ್ರಾಮ ಪಂಚಾಯಿತಿ ಕಚೇರಿ, ಬಸ್ ತಂಗುದಾಣ ಕೂಡ ಒಳ್ಳೆಯವು. ಆಯಾ ಜಾಗದವರ ಒಪ್ಪಿಗೆ ಮೊದಲು ಕೇಳಿ, ಸಾರ್ವಜನಿಕ ಗೋಡೆಯ ಮೇಲೆ ಕೇಳದೆ ಅಂಟಿಸುವುದು ತಪ್ಪು. ಮೈದಾ ಅಂಟು ಸಾಕು. ಮರಕ್ಕೆ ಮೊಳೆ ಹೊಡೆಯುವುದಂತೂ ಬೇಡವೇ ಬೇಡ. ಒಮ್ಮೆ ನಾವು ಸ್ಕೆಚ್ ಪೆನ್ನಿನಲ್ಲಿ ಬರೆದ ಆರು ಪೋಸ್ಟರ್‌ಗಳನ್ನು ಶಾಲೆಯ ಹೊರಗೋಡೆಗೆ ಅಂಟಿಸಿದೆವು. ರಾತ್ರಿ ಅಕಾಲ ಮಳೆ ಬಂದು ಬೆಳಿಗ್ಗೆ ಆರೂ ನೀಲಿ ಕಲೆಗಳಾಗಿದ್ದವು. ಅಂದಿನಿಂದ ಸೂರಿನ ಕೆಳಗೆ ಮಾತ್ರ.

ಪೋಸ್ಟರ್‌ನಲ್ಲಿ ಇಲಾಖೆಗೆ ಮನವಿ ಇದ್ದರೆ ಸರಿಯಾದ ಬಾಗಿಲು ತಟ್ಟಿ. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆಗಳು ಸಾಮಾನ್ಯವಾಗಿ ಪಂಚಾಯಿತಿಯ ಸುಪರ್ದಿನಲ್ಲಿರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯದು. ಮಕ್ಕಳ ಗ್ರಾಮಸಭೆ ನಡೆಯುವ ದಿನ ಪೋಸ್ಟರ್ ಹಿಡಿದುಕೊಂಡೇ ಹೋಗಿ. ಬಾಯಲ್ಲಿ ಹೇಳಲು ಅಳುಕುವ ಮಗು ಕೂಡ ತಾನು ಬರೆದದ್ದನ್ನು ತೋರಿಸಿ ಓದುತ್ತದೆ.

ಹಳೆಯ ಪೋಸ್ಟರ್‌ಗಳನ್ನು ಏನು ಮಾಡುವುದು?

ಹಿಂಬದಿ ಖಾಲಿ ಇರುತ್ತದೆಯಲ್ಲ, ಅಲ್ಲಿ ದಿನಾಂಕ ಹಾಕಿ ಅಂದು ಕೆರೆಯಲ್ಲಿ ಕಂಡದ್ದನ್ನೆಲ್ಲ ಪೆನ್ನಿನಲ್ಲಿ ಬರೆದು ಇಕೋ ಕ್ಲಬ್ಬಿಗೆ ಕೊಡಿ. ನೀರು ಏರಿಯ ಎಷ್ಟನೆಯ ಕಲ್ಲಿನವರೆಗೆ ಇತ್ತು, ಯಾವ ಹಕ್ಕಿ ಎಷ್ಟು, ಕಾಲುವೆಯ ಬಾಯಲ್ಲಿ ಏನಿತ್ತು ಎಂದು. ನಮ್ಮ ಪ್ರಯೋಗಾಲಯದ ಬೀರುವಿನ ಮೇಲೆ ಅಂಥ ಒಂಬತ್ತು ವರ್ಷದ ಸುರುಳಿಗಳಿವೆ. ಮುಂದಿನ ಜನವರಿಯಲ್ಲಿ ಕೆರೆಗೆ ಹೊರಡುವ ಮಕ್ಕಳು ಹಿಂದಿನ ವರ್ಷದ ಸುರುಳಿಯನ್ನು ಬಿಚ್ಚಿ ಓದಿಕೊಂಡು ಹೋಗುತ್ತಾರೆ, ಏರಿಯ ಮೇಲೆ ನಿಂತು ಕಲ್ಲು ಎಣಿಸುತ್ತಾರೆ.